ರಾಜ ಇನ್ನೂ ಸತ್ತಿಲ್ಲ

ಜೂನ್ ೪, ಮಂಗಳವಾರ

ಇರುವೆ,

ನಿನಗೆ ನಾಚಿಕೆ ಅನ್ನೋದು ಇದೆಯಾ ಇಲ್ಲವಾ? ನಾಲ್ಕು ತಿಂಗಳ ಮೇಲೆ ಒಂದು ಕಾಗದ ಬಂತು ಅಂತ ಕನ್ನಡಕ ಹುಡುಕಿ, ಸೆರಗಿನಲ್ಲಿ ಒರೆಸಿ, ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು ಕೂತರೆ ಒಳಗೆ ಏನಿದೆ? ಪ್ರಶ್ನೆಪತ್ರಿಕೆ! ನಂಬರು ಹಾಕಿ ಐದು ಪ್ರಶ್ನೆ. ಅಜ್ಜಿ ಮಂಡಿನೋವು ಹೇಗಿದೆ ಅನ್ನೋದು ಆರನೆಯದಾಗಿ ಕೂಡ ಇಲ್ಲ. ಸತ್ತ ರಾಜರ ಯೋಗಕ್ಷೇಮ ವಿಚಾರಿಸೋಕೆ ಪುರುಸೊತ್ತಿದೆ, ಜೀವ ಇರೋ ಅಜ್ಜಿದು ಬೇಡ. ನಾನು ಓದಿದ್ದು ಮೂರನೇ ಕ್ಲಾಸು. ನಮ್ಮ ಮೇಷ್ಟ್ರು ಬೆತ್ತ ಬೀಸೋ ಮೊದಲು ಕೂಡ "ಊಟ ಆಯ್ತಾ" ಅಂತ ಕೇಳುತ್ತಿದ್ದರು.

ಇರಲಿ. ಎರಡು ದಪ್ಪ ಪುಸ್ತಕ ಬರೆದಿದ್ದೀಯ, ಜನ ಕಾಸು ಕೊಟ್ಟು ಓದುತ್ತಿದ್ದಾರೆ. ಮೂರನೆಯದರಲ್ಲಿ ನನ್ನ ಕಥೆಯ ಆ ನಾಡಿನ ಹಳೇ ಇತಿಹಾಸ ಬುಡದಿಂದ ಬರೀತೀನಿ ಅಂತಿದ್ದೀಯ. ಬರಿ. ಆದರೆ ಮೊದಲು ಒಂದು ಮಾತು ತಿಳಿದುಕೋ. "ಯಾವ ರಾಜ ಎಷ್ಟು ವರ್ಷ ಆಳಿದ" ಅಂತ ಕೇಳಿದ್ದೀಯಲ್ಲ, ಆ ರಾಜರು ವರ್ಷಗಟ್ಟಲೆ ಆಳಿದವರಲ್ಲ ಕಣೇ. ಹಂಡೆಗಟ್ಟಲೆ ಆಳಿದವರು.

ನಾನು ದುಡಿಯುತ್ತಿದ್ದ, ಬಟ್ಟೆಗೆ ಬಣ್ಣ ಹಾಕೋ ಶೆಡ್ಡಿನಲ್ಲಿ ಗಡಿಯಾರ ಬದುಕುತ್ತಿರಲಿಲ್ಲ. ಶೆಡ್ಡಿನ ಯಜಮಾನರು ಎರಡು ಸಲ ತಂದು ಗೋಡೆಗೆ ಹಾಕಿಸಿದರು, ಎರಡೂ ಹಬೆ ಕುಡಿದು ತಿಂಗಳೊಳಗೆ ನಿಂತವು. ಆದರೆ ಬಟ್ಟೆ ಹಂಡೆಯಲ್ಲಿ ಇಷ್ಟೇ ಹೊತ್ತು ಕುದಿಯಬೇಕು ಅನ್ನೋ ಲೆಕ್ಕ ತಪ್ಪೋ ಹಾಗಿಲ್ಲ. ಅದಕ್ಕೇ ಕಥೆ. ನಾನು ಸ್ಟೂಲಿನ ಮೇಲೆ ಕೂತು ಹೇಳುವವಳು, ಉಳಿದವರು ಕೋಲು ಹಿಡಿದು ಬಟ್ಟೆ ತಿರುಗಿಸುವವರು. ಹಳದಿಗೆ ಒಬ್ಬ ರಾಜ. ಹಸಿರಿಗೆ ಇಬ್ಬರು. ಕೆಂಪಿಗೆ ಮೂವರು. ರಾಜ ಹುಟ್ಟಬೇಕು, ಪಟ್ಟಕ್ಕೆ ಬರಬೇಕು, ಸಾಯಬೇಕು. ಕೊನೆಯವನು ಕಣ್ಣು ಮುಚ್ಚುತ್ತಿದ್ದ ಹಾಗೆ ನಾನು "ರಾಜ ಸತ್ತ!" ಅಂತ ಕೂಗಬೇಕು, ಎಲ್ಲರೂ ಓಡಿ ಬಂದು ಬಟ್ಟೆ ಎತ್ತಬೇಕು. ನಾನು ಕೂಗದೆ ಯಾರೂ ಎತ್ತೋ ಹಾಗಿಲ್ಲ. ಹೊಸಬರು ಬೆಚ್ಚಿಬೀಳುತ್ತಿದ್ದರು. ದಿನಕ್ಕೆ ಎಂಟು ಹತ್ತು ರಾಜರು ಸಾಯುತ್ತಿದ್ದ ಜಾಗ ಅದು, ಹಬೆಗೆ ಬಂದ ಕಣ್ಣೀರು ಬಿಟ್ಟರೆ ಇನ್ನೊಂದು ಹನಿ ಇಲ್ಲ.

ನೀನೂ ಸ್ಕೂಲು ಬಿಟ್ಟು ಬಂದು ಬೋರಲು ಬಕೆಟ್ಟಿನ ಮೇಲೆ ಕೂತು ಕೇಳಿದವಳೇ. ಮರೆತಿದ್ದರೆ ಬರಕೋ.

ಹಲ್ಲಿಲ್ಲದ ರಾಜ: ಸೂರ್ಯನೇ ಇಲ್ಲದ ನಾಡು. ಬೆಳಕು ಒಂದು ಬೀಜದೊಳಗೆ ಇತ್ತು. ಯಾವ ಕಲ್ಲಿಗೂ ಅದು ಒಡೆಯಲಿಲ್ಲ. ಇವನು ಹಲ್ಲಿನಲ್ಲಿ ಕಚ್ಚಿ ಒಡೆದ, ಹಲ್ಲೆಲ್ಲ ಉದುರಿತು, ಬೆಳಕು ಹೊರಬಂತು. ಅದನ್ನೇ ಗೋಪುರದ ತುದಿಯಲ್ಲಿ ದೀಪ ಮಾಡಿಟ್ಟ. ಒಂದು ಹಂಡೆ.

ಎರಡು ನೆರಳಿನ ರಾಜ: ಒಂದು ನೆರಳು ಅವನದು, ಇನ್ನೊಂದು ಹೊಟ್ಟೆಯಲ್ಲೇ ಸತ್ತ ಅವಳಿ ತಮ್ಮನದು. ಯುದ್ಧಕ್ಕೆ ಹೊರಟಾಗಲೆಲ್ಲ ತಮ್ಮನ ನೆರಳು ಹಿಂದಕ್ಕೆ ಜಗ್ಗುತ್ತಿತ್ತು. ಹಾಗಾಗಿ ಒಂದು ಯುದ್ಧವೂ ಮಾಡಲಿಲ್ಲ. ಒಳ್ಳೇ ರಾಜ.

ಸಾಯಲಾರದ ರಾಜ: ಸಾವು ಬಾಗಿಲಿಗೆ ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳುತ್ತಿದ್ದ. ಸಾವು ಉತ್ತರ ಹುಡುಕಿಕೊಂಡು ಹೋಗುತ್ತಿತ್ತು. ನಿನ್ನ ಹಾಗೇ, ಪ್ರಶ್ನೆ ಕೇಳಿ ಕೇಳಿ ಇನ್ನೊಬ್ಬರ ಕಾಲು ಸವೆಸಿದವನು. ಅವನಿಗೆ ಇಬ್ಬರು ರಾಣಿಯರು, ಅಕ್ಕತಂಗಿ.

ನಾಲ್ಕನೇ ಪ್ರಶ್ನೆಗೆ ಉತ್ತರ, ಮೂರು ಬಣ್ಣದ ನದಿ ಹುಟ್ಟಿದ್ದು ಶೆಡ್ಡಿನ ಹಿಂದಿನ ಚರಂಡಿಯಲ್ಲಿ. ಅದನ್ನು ಹಾಗೇ ಬರೆದು ಮಾನ ಕಳೆಯಬೇಡ.

ಐದನೆಯದು, ದೀಪ ಕಾಯುವಾಗ ನಿದ್ದೆಹೋಗಿ ನಾಡನ್ನೇ ಸಾವಿರ ವರ್ಷ ಕತ್ತಲೆಗೆ ನೂಕಿದ ಕಿರಿಯ ರಾಣಿಗೆ ಏನು ಶಿಕ್ಷೆ ಕೊಟ್ಟರು ಅಂತ ಕೇಳಿದ್ದೀಯ. ಅದನ್ನು ಬಿಟ್ಟುಬಿಡು. ಆ ಭಾಗವೇ ಬೇಡ. ಇಲ್ಲದಿದ್ದರೂ ಕಥೆ ನಡೆಯುತ್ತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಜ್ಜಿ


ಜೂನ್ ೩೦, ಭಾನುವಾರ

ಇರುವೆ,

ಈ ಸಲ ಮಂಡಿ ವಿಚಾರಿಸಿದ್ದೀಯ. ಹೇಳಿಸಿಕೊಂಡು ಕೇಳಿದ್ದಕ್ಕೆ ಅರ್ಧ ಅಂಕ.

ಆ ರಾಣಿಯನ್ನು ಬಿಡೋಕಾಗಲ್ಲ, ಎರಡು ಪುಸ್ತಕವೂ ಅವಳ ತಪ್ಪಿನ ಮೇಲೇ ನಿಂತಿದೆ, ಅವಳಿಂದಲೇ ಬೂದಿಕುಲದವರು ಹಣೆಗೆ ಬೂದಿ ಬಳಿಸಿಕೊಂಡು ಗೋಡೆಯಾಚೆ ಬದುಕುತ್ತಿದ್ದಾರೆ, ಅಂತೆಲ್ಲ ನನಗೇ ಪಾಠ ಹೇಳಿದ್ದೀಯ. ಅವರ ಹಣೆಗೆ ಬೂದಿ ಬಳಿದವಳು ನಾನೇ ಕಣಮ್ಮ. ನನಗೆ ಗೊತ್ತಿಲ್ಲವಾ?

ಮೊನ್ನೆ ಏನಾಯಿತು ಹೇಳ್ತೀನಿ ಕೇಳು. ಮನೆ ಮುಂದೆ ಹುಡುಗಿಯರು ಆಡುತ್ತಿದ್ದರು. ನಿನ್ನ ಪುಸ್ತಕದ್ದೇ ಆಟ. ಒಬ್ಬಳು ಎರಡು ನೆರಳಿನ ರಾಜ, ಒಬ್ಬಳು ಸಾವು. ಎದುರುಮನೆ ಟೈಲರ್ ಮಗಳು, ಮೂಗು ಸೋರುತ್ತಿರುತ್ತಲ್ಲ ಆ ಚಿಕ್ಕದು, "ನಾನು ಯಾರು?" ಅಂದಳು. "ನೀನು ನಿದ್ದೆಬುರುಕಿ" ಅಂದರು. ಅದು "ನಾನಾಗಲ್ಲ, ನಾನು ಮಲಗಿರಲಿಲ್ಲ, ನಾನಾಗಲ್ಲ" ಅಂತ ರಸ್ತೆಯಲ್ಲೇ ಕೂತು ಅತ್ತಿತು. ಉಳಿದವರು ಸುತ್ತ ನಿಂತು ನಿದ್ದೆಬುರುಕಿ ನಿದ್ದೆಬುರುಕಿ ಅಂತ ಹಾಡಿದರು. ನಾನು ಪೊರಕೆ ಹಿಡಿದು ಎದ್ದೆ. ಓಡಿಹೋದರು. ಆ ಮಗು ಮಾತ್ರ ನನ್ನ ಮುಖ ನೋಡುತ್ತ ಕೂತೇ ಇತ್ತು.

ಅದಕ್ಕೇ ಹೇಳುತ್ತಿದ್ದೇನೆ. ಆ ಕಿರಿಯ ರಾಣಿ ನಿದ್ದೆ ಹೋಗಿರಲಿಲ್ಲ. ಮೂರನೇ ಪುಸ್ತಕದಲ್ಲಿ ಹಾಗಂತ ಬರಿ. ಅಚ್ಚಿಗೆ ಹೋಗೋದು ಆಗಸ್ಟ್ ಕೊನೆಗೆ ಅಂದಿದ್ದೀಯ, ಬೇಕಾದಷ್ಟು ಸಮಯ ಇದೆ. ಒಂದೇ ಸಾಲು. ನಿನಗೇನು ಬೆರಳು ಸವೆಯುತ್ತಾ?

ಅಜ್ಜಿ


ಜುಲೈ ೧೨

ಅಜ್ಜಿ,

ಒಂದು ಸಾಲಲ್ಲ ಅದು. ಗೋಡೆಯ ಬುಡದ ಕಲ್ಲು. ಅದನ್ನು ಎಳೆದರೆ ಎರಡು ಪುಸ್ತಕವೂ ನನ್ನ ತಲೆ ಮೇಲೆ ಬೀಳುತ್ತವೆ. ಪ್ರಕಾಶಕರಿಗೆ ಏನಂತ ಹೇಳಲಿ? "ನಮ್ಮಜ್ಜಿಗೆ ಬೇಜಾರಾಗಿದೆ" ಅಂತಲಾ?

ಟೈಲರ್ ಮಗಳ ವಿಷಯ ಓದಿ ನನಗೂ ಸಂಕಟವಾಯಿತು. ಆದರೆ ನೀನೇ ಅಲ್ಲವಾ ನನಗೆ ಆ ಕಥೆ ಹೇಳಿದ್ದು? ನೂರು ಸಲ ಹೇಳಿದ್ದೀಯ. ಪ್ರತಿಸಲ ಆ ರಾಣಿ ನಿದ್ದೆಹೋದ ಜಾಗ ಬಂದಾಗ ನಿನ್ನ ಧ್ವನಿ ಗಟ್ಟಿಯಾಗುತ್ತಿತ್ತು. ಬಕೆಟ್ಟಿನ ಮೇಲೆ ಕೂತವಳಿಗೆ ಅದೂ ನೆನಪಿದೆ.

ನೀನು ಕಟ್ಟಿದ ಕಥೆ. ನೀನೇ ಮಲಗಿಸಿದ ರಾಣಿ. ಈಗ ಅವಳು ಎಚ್ಚರವಾಗಿದ್ದಳು ಅಂತ ನಿನಗೆ ಹೇಗೆ ಗೊತ್ತು?

ನಿನ್ನ ಇರುವೆ


ಜುಲೈ ೨೮, ಭಾನುವಾರ

ಇರುವೆ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹದಿನೈದು ದಿನದಿಂದ ಹೆಗಲು ಮುಟ್ಟಿಕೊಳ್ಳುತ್ತಿದ್ದೇನೆ. ಮೂರು ಸಲ ಬರೆದು ಹರಿದೆ. ಇದನ್ನು ಹರಿಯೋಲ್ಲ.

ನಿನಗೆ ನನ್ನ ತಂಗಿ ಗೊತ್ತು, ನಿನ್ನ ಚಿಕ್ಕಜ್ಜಿ. ಸಣ್ಣ ಮೈ, ದೊಡ್ಡ ತಲೆ, ಅದಕ್ಕೆ ಚಿಕ್ಕಂದಿನಲ್ಲಿ ಅವಳನ್ನು ಸೌಟು ಅಂತ ಕರೀತಿದ್ದೆವು. ಅವಳೂ ಬಣ್ಣದ ಶೆಡ್ಡಿನಲ್ಲೇ ಇದ್ದಳು ಅಂತ ನಿನಗೆ ಯಾರೂ ಹೇಳಿರಲ್ಲ. ಯಾಕೆ ಅಂದರೆ ಹೇಳಬೇಕಾದವಳು ನಾನೊಬ್ಬಳೇ.

ನಲವತ್ತೈದು ವರ್ಷದ ಹಿಂದಿನ ಮಾತು. ನಿನ್ನಮ್ಮ ನನ್ನ ಹೊಟ್ಟೆಯಲ್ಲಿ ಐದು ತಿಂಗಳು. ಹೊಸ ನಾಟಕಶಾಲೆಯ ದೊಡ್ಡ ಪರದೆಗೆ ಕೆಂಪು ಹಾಕೋ ಕೆಲಸ ಬಂದಿತ್ತು. ಅಂಥ ಬಟ್ಟೆ ನಮ್ಮ ಶೆಡ್ಡು ಅದುವರೆಗೆ ಕಂಡಿರಲಿಲ್ಲ. ದೊಡ್ಡ ಹಂಡೆಗೆ ಇಳಿಸಿದೆವು. ಅಷ್ಟರಲ್ಲಿ ಹೊರಗೆ ಸೌದೆ ಗಾಡಿ ಬಂತು, ಮೇಸ್ತ್ರಿ ಎಲ್ಲರನ್ನೂ ಇಳಿಸೋಕೆ ಕರೆದ. ಬಸುರಿ ಅಂತ ನನ್ನನ್ನು ಬಿಟ್ಟರು. ಕೋಲು ಹಿಡಿಯೋಕೆ ಒಬ್ಬರು ಬೇಕಲ್ಲ ಅಂತ ಸೌಟನ್ನು ಬಿಟ್ಟರು. ಶೆಡ್ಡಿನಲ್ಲಿ ನಾವಿಬ್ಬರೇ. ನಾನು ಸ್ಟೂಲಿನ ಮೇಲೆ, ಅವಳು ಹಂಡೆ ಮುಂದೆ.

ಹಲ್ಲಿಲ್ಲದವನು ಬಂದ, ಹೋದ. ಎರಡು ನೆರಳಿನವನು ಬಂದ, ಹೋದ. ಮೂರನೆಯವನು ಬಂದ. ಅವತ್ತು ಏನಾಯಿತೋ ಕಾಣೆ, ಕಥೆ ತಾನಾಗಿ ಬಾಯಿಗೆ ಬರುತ್ತಿತ್ತು. ಸಾವು ಬಾಗಿಲಿಗೆ ಬಂದರೆ ರಾಜ ಒಂದು ಪ್ರಶ್ನೆ ಕೇಳುತ್ತಾನೆ. ಆ ಪ್ರಶ್ನೆ ನನಗೇ ಮುಂಚೆ ಗೊತ್ತಿರಲಿಲ್ಲ! ಸಾವು ಏಳು ಬೆಟ್ಟ ಹತ್ತಿ ಉತ್ತರ ತರುತ್ತೆ, ಅವನು ಇನ್ನೊಂದು ಕೇಳುತ್ತಾನೆ. ಪುಸ್ತಕ ಬರೆಯುವವಳು ನೀನು, ನಿನಗೆ ಆ ಸುಖ ಗೊತ್ತಿರಬೇಕು. ನನಗೆ ಅದು ಬದುಕಿನಲ್ಲಿ ಅವತ್ತೊಂದೇ ದಿನ ಸಿಕ್ಕಿದ್ದು.

"ಅಕ್ಕಾ, ಸಾಕು. ಬಣ್ಣ ಏರಿದೆ" ಅಂದಳು.

"ತಡಿಯೇ, ರಾಜ ಇನ್ನೂ ಸತ್ತಿಲ್ಲ" ಅಂದೆ.

ಇನ್ನೊಂದು ಪ್ರಶ್ನೆ. ಸಾವು ಹೋಯಿತು, ಬಂತು.

"ಅಕ್ಕಾ, ಕಂದು ತಿರುಗ್ತಿದೆ. ಕೂಗೇ."

"ರಾಜ ಇನ್ನೂ ಸತ್ತಿಲ್ಲ ಅಂದೆನಲ್ಲ! ನಿನ್ನ ಕೆಲಸ ನೀನು ನೋಡು."

ನಾನು ಕೂಗದೆ ಎತ್ತೋ ಹಾಗಿಲ್ಲವಲ್ಲ. ಅವಳು ಕೋಲು ತಿರುಗಿಸುತ್ತಾ ನಿಂತಳು.

ಮೇಸ್ತ್ರಿ ಒಳಗೆ ಬಂದಾಗ ಪರದೆ ಹಳೇ ಇಟ್ಟಿಗೆ ಬಣ್ಣಕ್ಕೆ ಬಂದಿತ್ತು. ಅವನು ಕಿರುಚಿದ ಕಿರುಚಾಟಕ್ಕೆ ಹೊಟ್ಟೆಯೊಳಗೆ ನಿನ್ನಮ್ಮ ಒದ್ದಳು. "ಯಾರದಿದು?" ಅಂದ. ನಿನ್ನ ಅಜ್ಜನಿಗೆ ಆಗ ಕೆಲಸ ಇರಲಿಲ್ಲ. ಮನೆಯಲ್ಲಿ ದುಡಿಯುತ್ತಿದ್ದ ಕೈ ನನ್ನದೊಂದೇ. ಇದನ್ನು ನೆಪ ಅಂತಲೇ ಓದಿಕೋ, ಪರವಾಗಿಲ್ಲ. "ತಲೆಸುತ್ತು ಬಂದು ನಾನು ಹಿತ್ತಲಿಗೆ ಹೋಗಿದ್ದೆ. ಕಥೆ ಅವಳಿಗೆ ಒಪ್ಪಿಸಿ ಹೋಗಿದ್ದೆ. ನಿದ್ದೆ ಹೋಗಿದ್ದಾಳೆ" ಅಂದೆ. ನಿಂತುಕೊಂಡು ಯಾರಾದರೂ ನಿದ್ದೆ ಹೋಗುತ್ತಾರಾ? ಸುಳ್ಳಿಗೆ ತಲೆಬಾಲ ಇರಲಿಲ್ಲ. ಆದರೂ ನಂಬಿದರು.

ಅವಳು ಅಲ್ಲಗಳೆಯಲಿಲ್ಲ. ನನ್ನ ಹೊಟ್ಟೆ ನೋಡಿದಳು, ಮುಖ ನೋಡಿದಳು, ಕೋಲನ್ನು ಗೋಡೆಗೆ ಒರಗಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿಸಿಕೊಂಡು ಎಮ್ಮೆ ಹೊರಟಿತು. ಗೇಟಿನವರೆಗೆ ನಾನೂ ಹೋದೆ. ಅಲ್ಲಿ ತಿರುಗಿ ನಿಂತು ಒಂದೇ ಮಾತು ಕೇಳಿದಳು.

"ಅಕ್ಕಾ, ಆಮೇಲೆ ರಾಜ ಏನಾದ?"

ಚುಚ್ಚೋಕೆ ಕೇಳಿದಳೋ, ನಿಜವಾಗಿ ತಿಳಿಯಬೇಕು ಅಂತ ಕೇಳಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ತಿರುಗಿ ಶೆಡ್ಡಿಗೆ ನಡೆದೆ.

ನಿದ್ದೆಬುರುಕಿಗೆ ಯಾವ ಬಣ್ಣದ ಶೆಡ್ಡಿನಲ್ಲೂ ಕೆಲಸ ಸಿಗಲಿಲ್ಲ. ಬೇರೆ ಊರಿಗೆ ಹೋಗಿ ಆಸ್ಪತ್ರೆಯ ಬಟ್ಟೆ ಒಗೆಯೋ ಕೆಲಸಕ್ಕೆ ಸೇರಿದಳು. ಮದುವೆ ಮಾಡಿಕೊಳ್ಳಲಿಲ್ಲ. ನಮ್ಮಮ್ಮ ತೀರಿಹೋದಾಗ ಬಂದಿದ್ದಳು, ಬಾಗಿಲ ಹತ್ತಿರ ಕೂತು ಎದ್ದು ಹೋದಳು.

ಮಾರನೇ ದಿನ ಶೆಡ್ಡಿನಲ್ಲಿ ಎಲ್ಲರೂ "ಮೂರನೇ ರಾಜನ ಕಥೆ ಮುಂದಕ್ಕೆ ಹೇಳೇ" ಅಂದರು. ಏನು ಹೇಳಲಿ? ಕಿರಿಯ ರಾಣಿ ದೀಪ ಕಾಯುತ್ತಾ ನಿದ್ದೆಹೋದಳು, ದೀಪ ಆರಿತು, ಕತ್ತಲೆಯಲ್ಲಿ ರಾಜ ಸತ್ತ ಅಂದೆ. ಒಂದು ಸುಳ್ಳು ಮುಚ್ಚೋಕೆ ಸಾವಿರ ವರ್ಷದ ಕತ್ತಲೆ ಬೇಕಾಯಿತು. ಅವಳಿಗೆ ಮಕ್ಕಳಿಲ್ಲ, ಆದರೂ ಅವಳ ಹೆಸರಿಗೆ ಒಂದು ಕುಲ ಹುಟ್ಟಿಸಿ ಬೂದಿ ಬಳಿದೆ. ಹೇಳಿ ಹೇಳಿ ನನಗೇ ನಿಜ ಅನ್ನಿಸತೊಡಗಿತ್ತು.

ಇನ್ನೂ ಒಂದಿದೆ. ಅದನ್ನೂ ಬರೆದುಬಿಡುತ್ತೇನೆ. ಆ ಪರದೆಯನ್ನು ನಾಟಕದವರು ಬಿಸಾಡಲೇ ಇಲ್ಲ. ನೋಡಿ, "ಹಳೇ ಅರಮನೆ ಬಣ್ಣ ಬಂದಿದೆ, ಇದೇ ಚೆನ್ನಾಗಿದೆ" ಅಂತ ಹಾಕಿಕೊಂಡರಂತೆ. ಒಂದು ತಿಂಗಳಲ್ಲಿ ಸುದ್ದಿ ಬಂತು. ಆಗಲಾದರೂ ಹೋಗಿ ಅವಳನ್ನು ವಾಪಸು ಕರೆಯಬಹುದಿತ್ತು. ಕರೆದರೆ ಯಾಕೆ ಅಂತ ಹೇಳಬೇಕಿತ್ತಲ್ಲ. ಒಂದು ಸಲ ಟಿಕೆಟ್ ತೆಗೆದುಕೊಂಡು ಹೋಗಿ ಕೂತಿದ್ದೆ. ಯಾವ ನಾಟಕ ಅಂತ ಕೇಳಬೇಡ. ನಾನು ನೋಡಿದ್ದು ಪರದೆ. ಅದು ಮೇಲೆ ಹೋದಾಗೆಲ್ಲ ಯಾವಾಗ ಕೆಳಗೆ ಬರುತ್ತೋ ಅಂತ ಕಾಯುತ್ತಿದ್ದೆ.

ಈಗ ಗೊತ್ತಾಯಿತಾ, ಹೇಗೆ ಗೊತ್ತು ಅಂತ?

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೂ ಬರಿ. ಅವಳು ಎಚ್ಚರವಾಗಿದ್ದಳು ಅಂತ ಬರಿ.

ಅಜ್ಜಿ


ಆಗಸ್ಟ್ ೧೦

ಅಜ್ಜಿ,

ನಿನ್ನ ಕಾಗದ ಎರಡು ಸಲ ಓದಿದೆ. ಆಮೇಲೆ ಪ್ರಕಾಶಕರ ಹತ್ತಿರ ಹೋಗಿ ಒಂದು ತಿಂಗಳು ಹೆಚ್ಚಿಗೆ ಕೇಳಿದೆ. ಕೊಟ್ಟರು, ಮುಖ ಗಂಟಿಕ್ಕಿಕೊಂಡು. ಗೋಡೆಯ ಬುಡದ ಕಲ್ಲು ಎಳೆಯುತ್ತೇನೆ. ಬಿದ್ದರೆ ಬೀಳಲಿ, ಮತ್ತೆ ಕಟ್ಟುತ್ತೇನೆ.

ಇನ್ನು ನನ್ನದೊಂದು ಮಾತು. ಕೋಪ ಮಾಡಿಕೋ, ಪರವಾಗಿಲ್ಲ. ಹೋದ ವರ್ಷ ಚಿಕ್ಕಜ್ಜಿ ಮನೆಗೆ ಹೋಗಿದ್ದೆ, ನಿನಗೆ ಹೇಳಿರಲಿಲ್ಲ. ಎರಡು ಕೋಣೆ, ಒಂದು ಕಪಾಟು. ಕಪಾಟಿನಲ್ಲಿ ನನ್ನ ಎರಡು ಪುಸ್ತಕ. ಓದಿದ್ದಾರೆ, ಅಜ್ಜಿ. ಮೂರನೇ ರಾಜನ ಅಧ್ಯಾಯದಲ್ಲಿ ಒಂದು ಪುಟದ ಮೂಲೆ ಮಡಚಿತ್ತು. ಹೇಗಿದೆ ಅಂತ ಕೇಳಿದೆ. "ನಿಮ್ಮಜ್ಜಿ ಧ್ವನಿ ಕೇಳಿಸುತ್ತೆ" ಅಂದರು. ಅಷ್ಟೇ. ಊಟಕ್ಕೆ ಬಡಿಸಿದರು.

ಪುಸ್ತಕದ ರಾಣಿಯನ್ನು ನಾನು ಎಬ್ಬಿಸುತ್ತೇನೆ. ಆದರೆ ಚಿಕ್ಕಜ್ಜಿಗೆ ನೀನು ಹೇಳಿದ್ದೀಯಾ? ವಿಳಾಸ ಹಿಂಬದಿಯಲ್ಲಿ ಬರೆದಿದ್ದೇನೆ.

ಇರುವೆ


ಆಗಸ್ಟ್ ೧೯

ನನಗೇ ಬುದ್ಧಿ ಹೇಳೋಷ್ಟು ದೊಡ್ಡವಳಾದೆಯಾ? ನಿನ್ನ ಮೂಗು ಒರೆಸಿದ ಕೈ ಇದು. ನನ್ನ ತಂಗಿ ವಿಳಾಸ ನನಗೇ ಕೊಡುತ್ತಾಳೆ! ಮೂವತ್ತು ವರ್ಷದಿಂದ ನನ್ನ ಟ್ರಂಕಿನ ತಳದಲ್ಲಿದೆ ಅದು, ಅವಳು ಎರಡು ಸಲ ಮನೆ ಬದಲಾಯಿಸಿದ್ದೂ ಗೊತ್ತು. ಯಾವ ಬಾಯಿಟ್ಟುಕೊಂಡು ಬರೆಯಲಿ? ಅವಳು ಓದಿದ್ದಾಳೆ ಅಂತ ಯಾಕೆ ಹೇಳಿದೆ ನೀನು?

ನಿನ್ನ ಪುಸ್ತಕದ ಕೆಲಸ ನೀನು ನೋಡು. ನನಗೆ ಕಾಗದ ಬರೆಯಬೇಡ ಸ್ವಲ್ಪ ದಿನ.

ಆ ಪುಟ ಅಚ್ಚಾದರೆ ಮಾತ್ರ ಕಳಿಸು.

ಅಜ್ಜಿ


ಅಕ್ಟೋಬರ್ ೨, ಬುಧವಾರ

ಸೌಟು,

ಮೊದಲೇ ಹೇಳಿಬಿಡುತ್ತೇನೆ, ಅಕ್ಷರ ನೋಡಿ ಯಾರದು ಅಂತ ಗೊತ್ತಾದ ಕೂಡಲೇ ಮಡಚಿ ಕಪಾಟಿಗೆ ತುರುಕಬೇಡ. ನಿನ್ನ ಈ ಸುಮ್ಮನಿರೋ ಬುದ್ಧಿ ಇದೆಯಲ್ಲ, ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಬೈದಿದ್ದರೆ ನಾನೂ ಬೈದು, ಕೂದಲು ಹಿಡಿದು ಜಗಳ ಆಡಿ, ವರ್ಷದೊಳಗೆ ಸರಿಹೋಗುತ್ತಿತ್ತು. ನೀನು ಕೋಲು ಒರಗಿಸಿ ಹೋದೆ. ಅದು ಇನ್ನೂ ಅಲ್ಲೇ ಒರಗಿದೆ.

ನೋಡು, ಹೀಗೇ ನಾನು. ಕ್ಷಮೆ ಕೇಳೋಕೆ ಕೂತು ನಿನ್ನನ್ನೇ ಬೈಯುತ್ತಿದ್ದೇನೆ.

ಈ ಕಾಗದದ ಜೊತೆ ಒಂದು ಅಚ್ಚಾದ ಹಾಳೆ ಇದೆ, ನಮ್ಮ ಇರುವೆ ಕಳಿಸಿದ್ದು. ನಿನ್ನ ಕಣ್ಣು ಹೇಗಿದೆಯೋ, ಸಣ್ಣ ಅಕ್ಷರ ಕಾಣುತ್ತೋ ಇಲ್ಲವೋ ಅಂತ ನಾನೇ ದೊಡ್ಡದಾಗಿ ನಕಲು ಮಾಡಿದ್ದೇನೆ:

"ಇಲ್ಲಿಯವರೆಗಿನ ಇತಿಹಾಸವನ್ನೆಲ್ಲ ಬರೆಸಿದವಳು ಹಿರಿಯ ರಾಣಿ. ಆದ್ದರಿಂದ ಅದನ್ನು ಯಾರೂ ಪ್ರಶ್ನಿಸಲಿಲ್ಲ. ಈಗ ಅವಳೇ ಲಿಪಿಕಾರನನ್ನು ಕರೆದು ಹೇಳುತ್ತಿದ್ದಾಳೆ: ದೀಪ ಆರಿದ ದಿನ ಗೋಪುರದ ಮೇಲಿದ್ದ ನನ್ನ ತಂಗಿ ಎಚ್ಚರವಾಗಿದ್ದಳು. ಎಣ್ಣೆ ತೀರುತ್ತಿದೆ ಎಂದು ಎರಡು ಸಲ ಕೂಗಿದಳು. ಎರಡು ಸಲವೂ ನನಗೆ ಕೇಳಿಸಿತು. ಬೂದಿ ನನ್ನ ಹಣೆಯದು."

ಚೆನ್ನಾಗಿ ಬರೆದಿದ್ದಾಳೆ. ಆದರೆ ಅವಳು ಬರೆದದ್ದು ರಾಣಿಯರ ಮಾತು. ನಮ್ಮದು ನಾನೇ ಬರೆಯಬೇಕು. ನೀನು ನಿದ್ದೆ ಹೋಗಿರಲಿಲ್ಲ. ಸಾಕು ಅಂದೆ, ಕಂದು ತಿರುಗುತ್ತಿದೆ ಅಂದೆ. ಎರಡೂ ನನಗೆ ಕೇಳಿಸಿತು. ಸುಳ್ಳು ಹೇಳಿದವಳು ನಾನು. ಮೇಸ್ತ್ರಿ ಸತ್ತ, ಯಜಮಾನರು ಸತ್ತರು, ಶೆಡ್ಡು ಇದ್ದ ಜಾಗದಲ್ಲಿ ಈಗ ಲಾರಿ ನಿಲ್ಲುತ್ತವೆ. ಯಾರ ಮುಂದೆ ಹೋಗಿ ಹೇಳಲಿ? ಎದುರುಮನೆ ಟೈಲರ್ ಮಗಳನ್ನು ಕರೆದು ಕೂರಿಸಿಕೊಂಡು ಅವಳಿಗೆ ಹೇಳಿದೆ. ಏಳು ವರ್ಷದ್ದು. ಎಲ್ಲ ಕೇಳಿ, "ನೀವು ಸಾರಿ ಕೇಳಿದಿರಾ?" ಅಂತು. ಇನ್ನೂ ಇಲ್ಲ ಅಂದೆ. "ಮತ್ತೆ ನನಗ್ಯಾಕೆ ಹೇಳ್ತಿದೀರ?" ಅಂತು. ಮೂಗು ಸೋರುತ್ತೆ, ಬುದ್ಧಿ ಚುರುಕು.

ಕೇಳುತ್ತಿದ್ದೇನೆ ಸೌಟು. ತಪ್ಪಾಯಿತು.

ಇನ್ನೊಂದು. ಗೇಟಿನ ಹತ್ತಿರ ನೀನು ಕೇಳಿದ್ದೆಯಲ್ಲ, ರಾಜ ಏನಾದ ಅಂತ. ಅದಕ್ಕೆ ಉತ್ತರ ಇರುವೆಗೂ ಗೊತ್ತಿಲ್ಲ, ಪುಸ್ತಕದಲ್ಲೂ ಇಲ್ಲ. ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ಅವತ್ತು ರಾಜ ಕೊನೆಗೆ ಕೇಳಿದ ಪ್ರಶ್ನೆ ನಿನಗೆ ನೆನಪಿದೆಯಾ? "ನಿಂತವಳು ಕೂರುವುದು ಯಾವಾಗ?" ಅಂತ. ಕೇಳುವಾಗ ನನಗೂ ಉತ್ತರ ಗೊತ್ತಿರಲಿಲ್ಲ, ಸುಮ್ಮನೆ ಬಾಯಿಗೆ ಬಂತು. ಸಾವು ಹುಡುಕಿಕೊಂಡು ಹೋದದ್ದು ನಲವತ್ತೈದು ವರ್ಷ ವಾಪಸು ಬರಲಿಲ್ಲ. ಎಷ್ಟು ಬೆಟ್ಟ ಹತ್ತಿತೋ, ಎಷ್ಟು ನದಿ ದಾಟಿತೋ. ಮೊನ್ನೆ ಸ್ಟೂಲಿನ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ. ಆ ಹುಡುಗಿ ಬಾಗಿಲಲ್ಲೇ ನಿಂತಿತ್ತು, ಕೂರೋಕೆ ಇನ್ನೊಂದು ಜಾಗ ಇರಲಿಲ್ಲ. ನಾನು ಎದ್ದು ಸ್ಟೂಲು ಬಿಟ್ಟುಕೊಟ್ಟೆ. ಆಗ ಸಾವು ವಾಪಸು ಬಂತು. ಬಂದು ರಾಜನ ಕಿವಿಯಲ್ಲಿ ಹೇಳಿತು: "ಕೂತವಳು ಎದ್ದಾಗ."

ರಾಜ ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ರಾಜ ಸತ್ತ ಕಣೇ. ಕೂಗಿದ್ದೇನೆ. ಬಟ್ಟೆ ಎತ್ತು.

ನನ್ನ ಮಂಡಿ ಬಸ್ಸಿನ ಮೆಟ್ಟಿಲು ಹತ್ತುತ್ತೆ, ಯಾರಾದರೂ ಕೈ ಕೊಟ್ಟರೆ. ನಿನ್ನ ಎರಡು ಕೋಣೆಯಲ್ಲಿ ಬಾಗಿಲ ಹತ್ತಿರ ಕೂತು ಎದ್ದು ಬರುತ್ತೇನೆ, ಒಳಗೆ ಕರೆಯದಿದ್ದರೂ ಸರಿ. ಬಾ ಅಂತ ಬರಿ, ಇಲ್ಲ ಬರಬೇಡ ಅಂತ ಬರಿ, ಬೈದು ಬರಿ. ಈ ಸಲ ಸುಮ್ಮನಿರುವ ಹಾಗಿಲ್ಲ. ನವೆಂಬರ್ ಹುಟ್ಟುವುದರೊಳಗೆ ನಿನ್ನ ಕೈಬರಹ ನನ್ನ ಬಾಗಿಲಿಗೆ ಬರಬೇಕು, ತಿಳೀತಾ?

ನಿನ್ನ ಅಕ್ಕ